ಹೊನ್ನಾರಿನ ಹಿಂದೆ ನಡೆದವರು

ನಮ್ಮೂರಿನಲ್ಲಿ ವಸಂತ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ಅದೇನಿದ್ದರೂ ಶಾಲೆಯ ಪದ್ಯದ ಪುಸ್ತಕದಲ್ಲಿ ಬರುವ ಮಾತು. ನಮ್ಮವರು ಹೊಂಗೆ ಚಿಗುರಿತು ಅನ್ನುತ್ತಿದ್ದರು, ಬೇವು ಹೂ ಬಿಟ್ಟಿತು ಅನ್ನುತ್ತಿದ್ದರು, “ಯುಗಾದಿ ಹತ್ರಕ್ಕೆ ಬಂತು, ಇನ್ನೂವೆ ತಿಪ್ಪೆ ಖಾಲಿ ಆಗ್ನಿಲ್ಲ” ಎಂದು ಗೊಣಗುತ್ತಿದ್ದರು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುವುದು ನಿಮಗೂ ಗೊತ್ತಿರುವ ಮಾತೇ. ಅಲ್ಲಿಂದ ಯುಗಾದಿಯವರೆಗೆ ಹೆಚ್ಚುಕಡಿಮೆ ಒಂದು ತಿಂಗಳು. ಸಣ್ಣ ಬೇಸಾಯದ ಮನೆಗೆ ವಸಂತ ಬರುವುದು ಆ ಒಂದು ತಿಂಗಳಿನಲ್ಲಿ, ಅದೂ ಕೆಲಸದ ರೂಪದಲ್ಲಿ.

ನಮ್ಮದು ನಾಗಮಂಗಲದ ಕಡೆಯ ಒಣ ಸೀಮೆ. ಕೆಂಪು ಮಣ್ಣು, ರಾಗಿಯ ಹೊಲ, ಬದುವಿನ ಮೇಲೆ ಹೊಂಗೆ, ಊರ ಮುಂದೆ ಹುಣಸೆ ತೋಪು. 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಶುರುವಾಗಿ, ಮುಂದೆ ನಾಲೆಯ ನೀರು ಮಂಡ್ಯ, ಮದ್ದೂರು ಕಡೆಗೆ ಹರಿದಾಗ ಅಲ್ಲಿನ ಕಾಲಮಾನವೇ ಬದಲಾಯಿತು. ಅಲ್ಲಿಯ ಹೆಂಗಸರಿಗೆ ಚೈತ್ರದಲ್ಲೂ ಹಸಿರು ಗದ್ದೆ, ಕಬ್ಬಿನ ತೋಟ. ನಮ್ಮ ದಿಣ್ಣೆಗೆ ಆ ನೀರು ಹತ್ತಲಿಲ್ಲ. ಆದ್ದರಿಂದ ನಮ್ಮ ವರ್ಷ ಹಿಂದಿನವರ ವರ್ಷದ ಹಾಗೆಯೇ ಉಳಿಯಿತು: ರೇವತಿ, ಅಶ್ವಿನಿ, ಭರಣಿ ಎಂದು ಮಳೆ ನಕ್ಷತ್ರಗಳನ್ನು ಎಣಿಸುತ್ತಾ ಆಕಾಶ ನೋಡುವ ವರ್ಷ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ನಮ್ಮಜ್ಜಿ ಏಪ್ರಿಲ್ ಕೊನೆಯ ವಾರದಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದಳು, ಮಳೆಗೆ ನೆನಪು ಮಾಡಿಕೊಡುವವಳ ಹಾಗೆ.

ಈ ತಿಂಗಳಿನ ಕೆಲಸದಲ್ಲಿ ಗಂಡಸರದು ಒಂದು ಪಾಲು, ಹೆಂಗಸರದು ಒಂದು ಪಾಲು. ಗಂಡಸರು ನೇಗಿಲು ಹೊತ್ತುಕೊಂಡು ಆಚಾರಿಯ ಮನೆಗೆ ಹೋಗುತ್ತಿದ್ದರು. ಕುಲುಮೆಯಲ್ಲಿ ನೇಗಿಲ ಕುಳ ತಟ್ಟಿಸುತ್ತಿದ್ದರು. ನೊಗ, ಮಿಣಿ, ಹಗ್ಗ ಸರಿಮಾಡಿಕೊಳ್ಳುತ್ತಿದ್ದರು. ಇದೆಲ್ಲ ಊರ ನಡುವೆ, ನಾಲ್ಕು ಜನರ ಮುಂದೆ, ಬೀಡಿ ಸೇದುತ್ತಾ ಮಾತಾಡುತ್ತಾ ಆಗುವ ಕೆಲಸ. ಕಣ್ಣಿಗೆ ಬೀಳುವ ಕೆಲಸ.

ಹೆಂಗಸರ ಕೆಲಸ ಹಿತ್ತಿಲಿನದು, ಅಟ್ಟದ ಮೇಲಿನದು. ಮೊದಲನೆಯದು ತಿಪ್ಪೆ. ಪೇಟೆಯಲ್ಲಿರುವ ನಮಗೆ ತಿಪ್ಪೆ ಎಂದರೆ ಕಸದ ರಾಶಿ. ಬೇಸಾಯದ ಮನೆಗೆ ಅದು ವರ್ಷವಿಡೀ ತುಂಬಿಸಿದ ಹುಂಡಿ. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ದನ ತಿಂದು ಬಿಟ್ಟ ಹುಲ್ಲು, ಅಂಗಳ ಗುಡಿಸಿದ ಕಸ, ಎಲ್ಲವನ್ನೂ ದಿನಾ ಬೆಳಗ್ಗೆ ಮಂಕರಿಯಲ್ಲಿ ಹೊತ್ತು ಅಲ್ಲಿಗೆ ಸುರಿಯುವವಳು ಮನೆಯ ಹೆಂಗಸು. ಯುಗಾದಿಯ ಸುತ್ತುಮುತ್ತ ಅದನ್ನು ಅಗೆದು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಾರೆ. ಮೂರು ಎಕರೆಗೆ ಎಷ್ಟು ಗಾಡಿ ಗೊಬ್ಬರ ಎಂಬ ಲೆಕ್ಕ ಅಪ್ಪನ ಬಾಯಲ್ಲಿರುತ್ತಿತ್ತು. ಆ ಗಾಡಿಗಳಲ್ಲಿ ಎಷ್ಟು ಮಂಕರಿ ಇದ್ದವು ಎಂಬ ಲೆಕ್ಕ ಅವ್ವನ ಸೊಂಟಕ್ಕೆ ಮಾತ್ರ ಗೊತ್ತಿತ್ತು.

ಎರಡನೆಯದು ಹುಣಸೆಹಣ್ಣು. ಮಾಘ ಫಾಲ್ಗುಣದಲ್ಲಿ ಮರ ಬಡಿದು ತಂದ ಹುಣಸೆಯನ್ನು ಸಿಪ್ಪೆ ಬಿಡಿಸಿ, ಕುಟ್ಟಿ, ಬೀಜ ತೆಗೆದು, ಉಪ್ಪು ಬೆರೆಸಿ ಮಡಕೆಗೆ ತುಂಬಬೇಕು. ಬೆರಳ ಸಂದಿಯೆಲ್ಲ ಉರಿ. ಅದರ ಮಧ್ಯೆಯೇ ಮಾವಿನಕಾಯಿಯ ಉಪ್ಪಿನಕಾಯಿ, ಸಂಡಿಗೆ, ಬಾಳಕ. ಮುಂದಿನ ಮಳೆಗಾಲದ ಊಟವನ್ನೆಲ್ಲ ಈ ಬಿಸಿಲಿನಲ್ಲಿ ಒಣಗಿಸಿಡಬೇಕು.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಬೀಜ. ರಾಗಿಯ ಕಣದಲ್ಲಿಯೇ ದಪ್ಪ ದಪ್ಪ ತೆನೆ ನೋಡಿ ಬೇರೆ ತೆಗೆದಿಡುತ್ತಿದ್ದವಳು ನಮ್ಮ ಅತ್ತೆ, ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವಳು. ತೊಗರಿಕಾಳಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದು, ಅವರೆಕಾಳನ್ನು ಬೂದಿಯಲ್ಲಿ ಹೊರಳಿಸುವುದು, ಅಲಸಂದೆಯ ಮಡಕೆಗೆ ಬೇವಿನ ಸೊಪ್ಪು ಹಾಸುವುದು, ಎಳ್ಳು, ಹುಚ್ಚೆಳ್ಳು, ಹರಳು ಎಲ್ಲಕ್ಕೂ ಒಂದೊಂದು ಗಂಟು ಕಟ್ಟಿ ಅಟ್ಟದ ಗಳಕ್ಕೆ ನೇತುಹಾಕುವುದು ಅವಳ ಕೆಲಸ. ಫಾಲ್ಗುಣದ ಬಿಸಿಲಿಗೆ ಆ ಗಂಟುಗಳೆಲ್ಲ ಅಂಗಳಕ್ಕಿಳಿಯುತ್ತಿದ್ದವು. ಒಂದೊಂದೇ ಕಾಳನ್ನು ಹಲ್ಲಿನಿಂದ ಕಚ್ಚಿ ನೋಡಿ, ಹುಳು ಹೊಡೆದದ್ದನ್ನು ಕೇರಿ ತೆಗೆದು, ಮತ್ತೆ ಕಟ್ಟುತ್ತಿದ್ದಳು. ರಾಗಿ ಹೊಲದಲ್ಲಿ ಸಾಲು ಬಿಟ್ಟು ಸಾಲು ಹಾಕುವ ಅಕ್ಕಡಿ ಬೆಳೆಗಳೆಲ್ಲ ಬರುತ್ತಿದ್ದುದು ಈ ಗಂಟುಗಳಿಂದಲೇ. ರಾಗಿ ಹೊಟ್ಟೆ ತುಂಬಿಸಿದರೆ, ಸಾರಿಗೆ ಬೇಳೆ, ದೀಪಕ್ಕೆ ಎಣ್ಣೆ, ಬಾಣಂತಿಗೆ ಎಳ್ಳು ಕೊಡುತ್ತಿದ್ದುದು ಅಕ್ಕಡಿ ಸಾಲು. ಮಳೆ ಅರ್ಧ ಕೈಕೊಟ್ಟ ವರ್ಷ ರಾಗಿ ಹೋದರೂ ಅಕ್ಕಡಿಯ ತೊಗರಿಯೋ ಅವರೆಯೋ ಮನೆಯನ್ನು ಉಳಿಸುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ಯುಗಾದಿ. ನಮ್ಮ ಸೀಮೆಯಲ್ಲಿ ಯುಗಾದಿಯ ದಿನ ಹೊನ್ನಾರು ಕಟ್ಟುತ್ತಾರೆ. ಆರು ಕಟ್ಟುವುದು ಎಂದರೆ ನೇಗಿಲಿಗೆ ಎತ್ತು ಹೂಡುವುದು. ವರ್ಷದ ಮೊದಲ ಆರು ಹೊನ್ನಿನ ಆರು. ಆ ವರ್ಷ ಯಾರ ಹೆಸರಿನವರು ಮೊದಲು ಹೂಡಿದರೆ ಊರಿಗೆ ಒಳ್ಳೆಯದು ಎಂದು ಪಂಚಾಂಗ ಕೇಳಿ ಗೊತ್ತುಮಾಡುತ್ತಾರೆ. ಎತ್ತು ತೊಳೆದು, ಕೊಂಬಿಗೆ ಬಣ್ಣ ಬಳಿದು, ನೊಗಕ್ಕೆ ಅರಿಸಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ, ಮೆರವಣಿಗೆಯ ಹಾಗೆ ಹೋಗಿ ಮೊದಲ ಸಾಲು ಹೊಡೆಯುತ್ತಾರೆ. ಹೆಂಗಸರು ಮನೆಯ ಮುಂದೆ ನಿಂತು ಎತ್ತಿನ ಕಾಲಿಗೆ ನೀರು ಹಾಕಿ ಆರತಿ ಎತ್ತುತ್ತಾರೆ. ಮನೆಗೆ ಬಂದು ಬೇವು ಬೆಲ್ಲ, ಹೋಳಿಗೆ. ಸಂಜೆ ಚಂದ್ರನ ದರ್ಶನ. ಮಾರನೆಯ ದಿನ ವರ್ಷತೊಡಕು.

ಹೊನ್ನಾರು ಕಟ್ಟಿದ ಹೆಂಗಸನ್ನು ನಾನು ನೋಡಿಲ್ಲ. ಹೆಂಗಸು ನೇಗಿಲು ಮುಟ್ಟಬಾರದು ಎಂಬ ನಂಬಿಕೆ ನಮ್ಮೂರಿನಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, ಮುಟ್ಟಿದರೆ ಏನಾಗುತ್ತದೆ ಎಂದು ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ನೇಗಿಲಿನ ಹಿಂದೆ ನಡೆಯಬಹುದಿತ್ತು, ನಡೆಯಲೇಬೇಕಿತ್ತು. ಮಡಿಲಲ್ಲಿ ಬೀಜ ಕಟ್ಟಿಕೊಂಡು, ಬಗ್ಗಿ, ಸಾಲಿನೊಳಕ್ಕೆ ಹದವಾಗಿ ಕಾಳು ಬಿಡುತ್ತಾ ಹೋಗುವುದು ಹೆಂಗಸಿನ ಕೈ. ಕೂರಿಗೆಯ ಬಟ್ಟಲಿಗೆ ರಾಗಿ ಹಾಕುವುದೂ ಅದೇ ಕೈ. ಮುಂದೆ ಹೋದವನು ಉಳುವವನು. ಹಿಂದೆ ಹೋದವಳಿಗೆ ಅಂಥದ್ದೊಂದು ಹೆಸರಿರಲಿಲ್ಲ. ಈ ಒಂದು ಮಾತಿನ ಕೊರತೆ ಮುಂದೆ ಎಷ್ಟು ದುಬಾರಿಯಾಯಿತು ಎಂಬುದೇ ನಾನಿಲ್ಲಿ ಹೇಳಬೇಕೆಂದಿರುವ ಚರಿತ್ರೆ.

ಆ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮರುವರ್ಷ, ಮೈಸೂರು ಸೀಮೆಯ ಬೇಸಾಯ, ಕಸುಬು, ವ್ಯಾಪಾರ ಎಲ್ಲವನ್ನೂ ನೋಡಿ ಬರೆದುಕೊಂಡು ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ವೈದ್ಯನನ್ನು ಕಳಿಸಿದ. ಅವನು ಫ್ರಾನ್ಸಿಸ್ ಬುಕಾನನ್. 1800ರ ಏಪ್ರಿಲ್ ತಿಂಗಳಲ್ಲಿ ಮದ್ರಾಸಿನಿಂದ ಹೊರಟು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ. ಅಂದರೆ ಅವನು ಬಂದದ್ದು ನಮ್ಮ ವಸಂತದಲ್ಲಿಯೇ, ಹೊಲಗಳಲ್ಲಿ ಉಳುಮೆ ನಡೆಯುವ ಹೊತ್ತಿನಲ್ಲಿ. ಅವನ ಬರಹ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ರಾಗಿಯನ್ನು ಹೇಗೆ ಬಿತ್ತುತ್ತಾರೆ, ಅದರ ಜೊತೆಗೆ ಸಾಲಿನಲ್ಲಿ ಅವರೆ ತೊಗರಿ ಹೇಗೆ ಹಾಕುತ್ತಾರೆ ಎಂಬುದನ್ನೆಲ್ಲ ಕೇಳಿ ಕೇಳಿ ಬರೆದಿದ್ದಾನೆ. ನೇಗಿಲು, ಕೂರಿಗೆಗಳ ಚಿತ್ರ ಬರೆಸಿದ್ದಾನೆ. ಆ ಚಿತ್ರಗಳನ್ನು ನೋಡಿದಾಗ ನನಗೆ ಆಶ್ಚರ್ಯವಾಯಿತು. ನಮ್ಮ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟಿದ್ದ ಕೂರಿಗೆಯೇ ಅದು. ಇನ್ನೂರು ವರ್ಷದಲ್ಲಿ ಅರಸರು ಹೋದರು, ಕಮಿಷನರುಗಳು ಬಂದು ಹೋದರು, ಕೂರಿಗೆ ಮಾತ್ರ ಹಾಗೆಯೇ ಇತ್ತು. ಉಪಕರಣಗಳಿಗೆ ಚಿತ್ರ ಬರೆಯಬಹುದು. ಅಟ್ಟದ ಗಳಕ್ಕೆ ನೇತುಹಾಕಿದ ಬೀಜದ ಗಂಟಿಗೆ ಯಾರು ಚಿತ್ರ ಬರೆದಾರು?

ಆದರೆ ಆ ಗಂಟಿನ ಬೆಲೆ ಗೊತ್ತಾಗುವ ಕಾಲ ಒಂದು ಬಂತು. ನಮ್ಮಜ್ಜಿಗೆ ಇಸವಿ ಗೊತ್ತಿರಲಿಲ್ಲ. ಅಕ್ಷರವೂ ಬರುತ್ತಿರಲಿಲ್ಲ. ಆದರೆ ಪ್ರಭವ ವಿಭವದಿಂದ ಹಿಡಿದು ಅಕ್ಷಯದವರೆಗೆ ಅರವತ್ತು ಸಂವತ್ಸರಗಳ ಹೆಸರು ಉಸಿರು ಬಿಡದೆ ಹೇಳುತ್ತಿದ್ದಳು. ಯಾವ ಮಗ ಯಾವ ಸಂವತ್ಸರದಲ್ಲಿ ಹುಟ್ಟಿದ, ಯಾವ ಹಸು ಯಾವ ಸಂವತ್ಸರದಲ್ಲಿ ಕರು ಹಾಕಿತು ಎಂಬುದೆಲ್ಲ ಅವಳ ಲೆಕ್ಕದಲ್ಲಿತ್ತು. ಯುಗಾದಿಯಿಂದ ಯುಗಾದಿಗೆ ಹೆಸರು ಬದಲಾಗುವ ಈ ಕಾಲಮಾನದಲ್ಲಿ ಎರಡು ಹೆಸರು ಬಂದಾಗ ಮಾತ್ರ ಅವಳ ದನಿ ಇಳಿಯುತ್ತಿತ್ತು: ಧಾತು, ಈಶ್ವರ.

ಅದು 1876ರಿಂದ 1878ರವರೆಗಿನ ಬರ. 1876ರಲ್ಲಿ ಮಳೆ ಹೋಯಿತು. 1877ರ ಮುಂಗಾರನ್ನು ನೆಚ್ಚಿಕೊಂಡವರಿಗೆ ಅದೂ ಕೈಕೊಟ್ಟಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ರ ಗಣತಿಯ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹುಟ್ಟಬೇಕಾದವರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಹೋದವರ ಸಂಖ್ಯೆ ಇನ್ನೂ ದೊಡ್ಡದು. ನಮ್ಮಜ್ಜಿ ಹುಟ್ಟುವ ಮೊದಲಿನ ಮಾತು ಇದು. ಅವಳ ಅಜ್ಜಿ ಅದನ್ನು ಕಂಡವಳು. ಹಗೇವು ಬಗೆದು ನೋಡಿದರೆ ತಳದ ಮಣ್ಣು ಬಿಟ್ಟು ಇನ್ನೇನೂ ಇರಲಿಲ್ಲವಂತೆ. ಕತ್ತಾಳೆ ಗೆಡ್ಡೆ, ಸೊಪ್ಪು ಸದೆ ಬೇಯಿಸಿ ತಿಂದರಂತೆ. ಆದರೂ ಆ ಮುದುಕಿ ಬೀಜದ ಮಡಕೆಗೆ ಕೈ ಹಾಕಲಿಲ್ಲ, ಯಾರಿಗೂ ಹಾಕಲು ಬಿಡಲಿಲ್ಲ. ಮನೆಯಲ್ಲಿ ಒಂದು ಮಗು ಹೋಯಿತು. ಮಡಕೆ ಉಳಿಯಿತು. ಮಳೆ ಬಂದಾಗ ಊರಿನಲ್ಲಿ ಬೀಜ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಇದೂ ಒಂದು.

ನಮ್ಮಜ್ಜಿ ಇದನ್ನು ಹೊಗಳಿಕೆಯಾಗಿ ಹೇಳುತ್ತಿರಲಿಲ್ಲ, ದೂರಾಗಿಯೂ ಹೇಳುತ್ತಿರಲಿಲ್ಲ. “ಬಿತ್ತೋ ಕಾಳು ಉಣ್ಣಬಾರ್ದು ಕನ್ ಮಗ” ಎಂದು ಮುಗಿಸಿಬಿಡುತ್ತಿದ್ದಳು. ಆ ಮಾತಿನ ಹಿಂದೆ ಇರುವ ಲೆಕ್ಕ ಎಂಥದ್ದೆಂದು ನನಗೆ ತಿಳಿದದ್ದು ನಾನೂ ತಾಯಿಯಾದ ಮೇಲೆ.

ಯುಗಾದಿ ಹೊಸ ವರ್ಷ ಅನ್ನುತ್ತೇವೆ. ಬೇಸಾಯದವರಿಗೆ ಅದು ಹಳೆಯ ವರ್ಷದ ಲೆಕ್ಕ ಚುಕ್ತಾ ಮಾಡುವ ದಿನವೂ ಆಗಿತ್ತು. ಜೀತದ ಆಳಿನ ಕರಾರು ಯುಗಾದಿಯಿಂದ ಯುಗಾದಿಗೆ. ಸಾಲದ ಬಡ್ಡಿಗೆ ಅದೇ ಗಡುವು. ವಾರಕ್ಕೆ ಹೊಲ ಮಾಡುವವನಿಗೆ ಮುಂದಿನ ವರ್ಷವೂ ಹೊಲ ಸಿಗುತ್ತದೆಯೋ ಇಲ್ಲವೋ ಎಂದು ಗೊತ್ತಾಗುತ್ತಿದ್ದುದೂ ಆಗಲೇ. ವಾರ ಎಂದರೆ ಬೆಳೆದದ್ದರಲ್ಲಿ ಅರ್ಧ ಹೊಲದ ಒಡೆಯನಿಗೆ, ಅರ್ಧ ಉಳುವವನಿಗೆ. ನಮ್ಮ ತಾತ ಮಾಡುತ್ತಿದ್ದ ಮೂರು ಎಕರೆಯೂ ವಾರದ್ದೇ. ಹೊಂಗೆ ಚಿಗುರುವ ಹೊತ್ತಿಗೆ ತಾತನಿಗೆ ನಿದ್ದೆ ಕಡಿಮೆಯಾಗುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದಳು. ಒಡೆಯರು ಈ ಸಲ ಬೇರೆಯವರಿಗೆ ಕೊಟ್ಟುಬಿಟ್ಟರೆ? ವರ್ಷವೆಲ್ಲ ಅವಳು ತುಂಬಿಸಿದ ತಿಪ್ಪೆಯನ್ನು ಯಾರದೋ ಹೊಲಕ್ಕೆ ಹೊಡೆಯಬೇಕಾದೀತು. ಕೋಗಿಲೆ ಕೂಗಿದರೆ ಕವಿಗಳಿಗೆ ಹಿಗ್ಗು. ವಾರದ ಮನೆಯಲ್ಲಿ ಅದು ದಿಗಿಲಿನ ದನಿ.

ಆ ದಿಗಿಲು ಹೋದದ್ದು 1974ರಲ್ಲಿ. ಭೂಸುಧಾರಣೆಯ ಕಾನೂನು 1961ರಲ್ಲೇ ಆಗಿ, 1965ರಲ್ಲಿ ಜಾರಿಗೆ ಬಂದಿತ್ತು. ನಮ್ಮಂಥವರ ಹೊಲಕ್ಕೆ ಅದು ಇಳಿದಿರಲಿಲ್ಲ. ದೇವರಾಜ ಅರಸರ ಸರ್ಕಾರ ಆ ಕಾನೂನನ್ನು ತಿದ್ದಿ, 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು, ಸಾಗುವಳಿ ಮಾಡುವವರು ಅರ್ಜಿ ಹಾಕಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದು ಎಂದಿತು. ಅದೇ ತಿಂಗಳು ಬಂದ ಯುಗಾದಿಯಿಂದ ಶುರುವಾದ ಸಂವತ್ಸರದ ಹೆಸರು ಆನಂದ. ಇದು ನಾನು ಕಟ್ಟಿ ಹೇಳುವ ಮಾತಲ್ಲ, ಬೇಕಾದರೆ ಪಂಚಾಂಗ ನೋಡಿ. ಅಜ್ಜಿಯಂತೂ ಕೊನೆಯವರೆಗೂ “ಆನಂದದ ವರ್ಸ ನೆಲ ಬಂತು” ಎಂದೇ ಹೇಳುತ್ತಿದ್ದಳು.

ತಾತ ಮೊದಲು ಅರ್ಜಿ ಹಾಕಲು ಹೆದರಿದ. ನೂರು ವರ್ಷದಿಂದ ಅವರ ಅನ್ನ ತಿಂದವರು ಅವರ ಮೇಲೆ ಡಿಕ್ಲರೇಷನ್ ಹಾಕುವುದೆ ಎಂಬ ದಾಕ್ಷಿಣ್ಯ ಬೇರೆ. “ಅವ್ರ ಅನ್ನ ನಾವು ತಿಂದ್ವಾ, ನಮ್ಮನ್ನ ಅವ್ರು ತಿಂದ್ರಾ? ವಸಿ ಲೆಕ್ಕ ಹಾಕು” ಎಂದವಳು ಅಜ್ಜಿ. ಮೂರು ದಿನ ಮನೆಯಲ್ಲಿ ಇದೇ ಮಾತು. ನಾಲ್ಕನೆಯ ದಿನ ತಾತ ಏಳನೇ ನಂಬರ್ ಫಾರಂ ತಂದ. ತಾಲ್ಲೂಕಿನ ನ್ಯಾಯಮಂಡಳಿಯಲ್ಲಿ ಕೇಳಿದ್ದು ಮುಖ್ಯವಾಗಿ ಒಂದೇ ಪ್ರಶ್ನೆ: ಸಾಗುವಳಿ ಯಾರದು? ಪಹಣಿಯಲ್ಲಿ ಒಂಬತ್ತನೆಯ ಕಾಲಂ ಒಡೆಯನ ಹೆಸರಿಗೆ, ಹನ್ನೆರಡನೆಯ ಕಾಲಂ ಸಾಗುವಳಿದಾರನ ಹೆಸರಿಗೆ. ಹನ್ನೆರಡರಲ್ಲಿ ತಾತನ ಹೆಸರಿತ್ತು. ನೆರೆಹೊರೆಯವರು ಬಂದು ಹೌದು, ಇವನೇ ಉಳುವವನು ಎಂದು ಸಾಕ್ಷಿ ಹೇಳಿದರು. ಹನ್ನೆರಡರ ಹೆಸರು ಒಂಬತ್ತಕ್ಕೆ ಏರಿತು. ಹಾಗೆ ಕರ್ನಾಟಕದಲ್ಲಿ ಲಕ್ಷಾಂತರ ಎಕರೆ ಕೈ ಬದಲಾಯಿತು. ಜೀತಕ್ಕೂ 1976ರ ಕಾನೂನು ಕೊನೆ ಹಾಡಿತು. ನಮ್ಮಂಥ ಸಣ್ಣ ಬೇಸಾಯದ ಮನೆಗಳಿಗೆ ಯುಗಾದಿ ನಿಜವಾಗಿ ಹಬ್ಬವಾದದ್ದು ಆಗಲೇ. ಅರಸರ ಋಣವನ್ನು ನಮ್ಮ ಮನೆಯವರು ಮರೆತಿಲ್ಲ.

ಆದರೆ ಆ ದಿನಗಳ ಘೋಷಣೆಯನ್ನು ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿ: ಉಳುವವನೇ ಹೊಲದೊಡೆಯ. ಉಳುವವನು. ಹೆಂಗಸರಿಗೆ ಹಕ್ಕಿಲ್ಲ ಎಂದು ಯಾವ ಅಧಿಕಾರಿಯೂ ಹೇಳಬೇಕಾಗಿರಲಿಲ್ಲ. ಬಾಗಿಲು ಹಾಕದೆಯೇ ಹೆಂಗಸು ಹೊರಗುಳಿದಳು, ಏಕೆಂದರೆ ನೇಗಿಲು ಮುಟ್ಟಬಾರದವಳು ಉಳುವವಳು ಹೇಗಾದಾಳು? ನಮ್ಮ ಮನೆಯ ಹೊಲಕ್ಕೆ ಗೊಬ್ಬರ ಹೊತ್ತವಳು ಅಜ್ಜಿ, ಬೀಜ ಕಾದವಳು ಅತ್ತೆ, ಬಿತ್ತಿದವಳು ಅವ್ವ, ಕಳೆ ತೆಗೆದವರು, ಕೊಯ್ದವರು ಮೂವರೂ. ಹನ್ನೆರಡನೆಯ ಕಾಲಮಿನಲ್ಲಿ ಇದ್ದದ್ದು ತಾತನ ಹೆಸರೊಂದೇ. ಹಬ್ಬದ ದಿನದ ಒಂದು ಆಚಾರ ಹೀಗೆ ಕಂದಾಯದ ಪುಸ್ತಕದೊಳಗೆ ಬಂದು ಕೂತಿತು.

ಕಾನೂನು ಹೆಂಗಸನ್ನು ಪೂರ್ತಿ ಮರೆತಿತ್ತು ಎಂದರೆ ಅನ್ಯಾಯವಾದೀತು. ಹಳೆಯ ಮೈಸೂರಿನಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿನ ಕಾನೂನು ಒಂದಾಗಿತ್ತು. ಮನೆ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ, ಅಣ್ಣತಮ್ಮಂದಿರಷ್ಟಲ್ಲದಿದ್ದರೂ, ಒಂದು ಪಾಲು ಕೊಡಬೇಕೆಂದು ಅದು ಹೇಳಿತ್ತು. ಇಂಡಿಯಾದ ಬೇರೆ ಕಡೆಗಳಿಗಿಂತ ಮೈಸೂರು ಮುಂದಿತ್ತು ಎಂದು ನಾವು ಬೀಗುವುದರಲ್ಲಿ ಇದನ್ನೂ ಸೇರಿಸಿಕೊಳ್ಳಬಹುದು. 1956ರ ಹಿಂದೂ ಉತ್ತರಾಧಿಕಾರ ಕಾನೂನು ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಕೊಟ್ಟಿತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಮಾತ್ರ ಗಂಡುಮಕ್ಕಳಿಗೇ ಉಳಿಯಿತು. ಕರ್ನಾಟಕ ಅದನ್ನು ತಿದ್ದಿದ್ದು 1994ರ ಜುಲೈ 30ರಿಂದ. ಆಗಲೂ ಅಷ್ಟರಲ್ಲೇ ಮದುವೆಯಾದವರಿಗೆ ಇಲ್ಲ. ಕೊನೆಗೆ 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ, ಮದುವೆಯಾದವಳು ಆಗದವಳು ಎಂಬ ಭೇದವಿಲ್ಲದೆ, ಮಗಳು ಮಗನ ಸಮಕ್ಕೆ ಬಂದಳು. ಬೇಸಾಯದ ಜಮೀನಿನ ಗೇಣಿ ಹಕ್ಕಿಗೆ ಹಿಂದೆ ಇದ್ದ ವಿನಾಯಿತಿಯನ್ನೂ ಆಗಲೇ ತೆಗೆದುಹಾಕಿದರು. ಆ ದಿನಕ್ಕೆ ತಂದೆ ಬದುಕಿರಬೇಕೆಂದೇನಿಲ್ಲ, ಅದು ಹುಟ್ಟಿನ ಹಕ್ಕು ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಕಾಗದದ ಮೇಲೆ ದಾರಿ ಹೀಗೆ ಬಂತು. ಮನೆಯೊಳಗಿನ ದಾರಿ ಬೇರೆ. 1985ರಲ್ಲಿ ತಾತ ತೀರಿಕೊಂಡಾಗ ಪೌತಿ ಖಾತೆ ಅಪ್ಪನೊಬ್ಬನ ಹೆಸರಿಗೆ ಆಯಿತು. ಅಜ್ಜಿ ಬದುಕಿದ್ದಳು, ಅತ್ತೆ ಇದ್ದಳು. ಯಾರೂ ಅವರ ಹೆಸರು ಬೇಡ ಅನ್ನಲಿಲ್ಲ. ಯಾರೂ ಬೇಕು ಅನ್ನಲೂ ಇಲ್ಲ. ಅಪ್ಪ ಕೆಟ್ಟವನಲ್ಲ. ಅಕ್ಕನಿಗೆ ಒಂದು ದಿನವೂ ಎದುರು ಮಾತಾಡಿದವನಲ್ಲ, ಯುಗಾದಿಗೆ ಮೊದಲ ಸೀರೆ ಅವಳಿಗೇ ತರುತ್ತಿದ್ದ. ಸೀರೆ ತರುವುದು ಪ್ರೀತಿ, ಖಾತೆಗೆ ಸೇರಿಸುವುದು ಹಕ್ಕು ಎಂಬ ವ್ಯತ್ಯಾಸ ಆ ಕಾಲದಲ್ಲಿ ಯಾರ ಮನಸ್ಸಿಗೂ ಬಂದಿರಲಿಲ್ಲ. ಅತ್ತೆ 2003ರಲ್ಲಿ ಹೋದಳು. ಅಷ್ಟು ವರ್ಷ ಆ ಹೊಲದ ಬೀಜ ಕಾದವಳ ಹೆಸರು ಮತದಾರರ ಪಟ್ಟಿಯಲ್ಲಿ, ರೇಷನ್ ಕಾರ್ಡಿನಲ್ಲಿ ಇತ್ತು. ಹೊಲದ ಯಾವ ಕಾಗದದಲ್ಲೂ ಇರಲಿಲ್ಲ.

2008ರಲ್ಲಿ ಅಪ್ಪ ತೀರಿಕೊಂಡ. ತಿಥಿಯಾಗಿ ಸ್ವಲ್ಪ ದಿನಕ್ಕೆ ತಮ್ಮ ಒಂದು ಬಿಡುಗಡೆ ಪತ್ರ ಬರೆಸಿಕೊಂಡು ಬಂದ. ನಾನೂ ತಂಗಿಯೂ ಸಹಿ ಹಾಕಬೇಕು. ಅರಿಸಿನ ಕುಂಕುಮಕ್ಕೆಂದು ಇಬ್ಬರಿಗೂ ಒಂದಿಷ್ಟು ದುಡ್ಡು ಕೊಡುತ್ತೇನೆ ಅಂದ. ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ಇಂಥ ಕಾಗದ ನೋಡಿರುತ್ತೀರಿ. ಸಹಿ ಹಾಕಿದರೆ ತವರು ಉಳಿಯುತ್ತದೆ, ಹಾಕದಿದ್ದರೆ ಹೊಲ ಸಿಕ್ಕಿ ತವರು ಹೋಗುತ್ತದೆ ಎನ್ನುವುದು ನಮ್ಮ ಕಡೆಯ ಲೆಕ್ಕ. ನನಗೆ ಆ ಮೂರು ಎಕರೆಯ ದುಡ್ಡು ಬೇಕಿರಲಿಲ್ಲ. ತಮ್ಮನ ಬೇಸಾಯ ಒಡೆಯುವ ಆಸೆಯೂ ಇರಲಿಲ್ಲ. ಆದರೆ ಪೆನ್ನು ಕೈಗೆ ತೆಗೆದುಕೊಂಡಾಗ ಅತ್ತೆ ಕಾಳು ಕಚ್ಚಿ ನೋಡುತ್ತಿದ್ದದ್ದು ಕಣ್ಣಿಗೆ ಕಟ್ಟಿತು. “ಅವ್ವನ ಹೆಸರು ಮೊದಲು ಬರಲಿ, ಆಮೇಲೆ ನಮ್ಮ ಮೂವರದೂ ಬರಲಿ. ಉಳುವುದು ನೀನೇ, ಬೆಳೆಯೂ ನಿನ್ನದೇ. ಹೆಸರು ಮಾತ್ರ ಎಲ್ಲರದೂ ಇರಲಿ” ಅಂದೆ. ತಂಗಿಯೂ ಹೂಂ 

ಅಂದಳು. ತಮ್ಮ ಕಾಗದ ಮಡಿಚಿಕೊಂಡು ಎದ್ದುಹೋದ.

ಅವ್ವನಿಗೇ ಅದು ಸರಿಬರಲಿಲ್ಲ. “ನಂಗ್ಯಾಕವ್ವಾ ಪಾಣಿ ಗೀಣಿ? ಮಣ್ಣಿಗೋಗೋ ವಯ್ಸ್ನಲ್ಲಿ ಮಕ್ಳ ಮಧ್ಯ ಜಗಳ ತಂದಿಟ್ಟೆ” ಎಂದು ನನ್ನನ್ನೇ ಬೈದಳು. ಆ ವರ್ಷದ ಯುಗಾದಿಗೆ ತವರಿನಿಂದ ಕರೆ ಬರಲಿಲ್ಲ. ಪೇಟೆಯ ಮನೆಯಲ್ಲಿ ಬೇವು ಬೆಲ್ಲ ತಿಂದೆವು. ಬೇವೇ ಹೆಚ್ಚಾಗಿತ್ತು. ಮರುವರ್ಷ ತಮ್ಮನೇ ಫೋನ್ ಮಾಡಿ, “ಅಕ್ಕ, ಹೊನ್ನಾರಿಗೆ ಬನ್ನಿ ಇಬ್ರೂವೆ. ಜಂಟಿ ಖಾತೆಗೆ ಅರ್ಜಿ ಕೊಟ್ಟಿದೀನಿ” ಅಂದ. ಏನು ಅವನ ಮನಸ್ಸು ತಿರುಗಿಸಿತೋ ಕೇಳಲಿಲ್ಲ. ಅವನಿಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ನಮ್ಮ ಪಹಣಿಗಳು 2000ದ ಸುಮಾರಿನಿಂದಲೇ ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿದ್ದವಲ್ಲ, ಹೊಸ ಪಹಣಿಯ ಅಚ್ಚಾದ ಪ್ರತಿ ಕೈಗೆ ಬಂತು. ಓದಲು ಬಾರದ ಅವ್ವ ತನ್ನ ಹೆಸರು ಎಲ್ಲಿದೆ ತೋರಿಸು ಎಂದಳು. ತೋರಿಸಿದೆ. ಬೆರಳಿನಿಂದ ಸವರಿ ನೋಡಿ, ಮಡಿಚಿ, ಬೀಜದ ಗಂಟಿನ ಪೆಟ್ಟಿಗೆಯಲ್ಲಿ ಇಟ್ಟಳು. ಎರಡು ವರ್ಷ ಕಳೆದು ಸೊಸೈಟಿಯಲ್ಲಿ ತನ್ನ ಹೆಸರಿನಲ್ಲೇ ಬೆಳೆ ಸಾಲ ತೆಗೆದಾಗ ಮಾತ್ರ, “ಹೆಸ್ರು ಇದ್ರೆ ಒಳ್ಳೇದೇ ಕನವ್ವ” ಅಂದಳು.

ಇದು ನಮ್ಮೊಂದು ಮನೆಯ ಮಾತು. ದೇಶದ ಲೆಕ್ಕ ನೋಡಿದರೆ ಹಿಗ್ಗಲು ಹೆಚ್ಚಿಗೆ ಕಾರಣವಿಲ್ಲ. 2015-16ರ ಕೃಷಿ ಗಣತಿಯಲ್ಲಿ ಹಿಡುವಳಿದಾರರ ಪೈಕಿ ಹೆಂಗಸರು ನೂರಕ್ಕೆ ಸುಮಾರು 14 ಮಂದಿ. ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಎರಡೂಮುಕ್ಕಾಲು ಎಕರೆಗೂ ಕಡಿಮೆ. ಇಷ್ಟು ಚಿಕ್ಕ ಹೊಲವನ್ನು ಇನ್ನೂ ಪಾಲು ಮಾಡಿದರೆ ಯಾರಿಗೆ ಏನು ಉಳಿಯುತ್ತದೆ ಎಂದು ಗಂಡಸರು ಕೇಳುವುದು ಸುಳ್ಳು ಪ್ರಶ್ನೆಯೇನಲ್ಲ. ಆದರೆ ಆ ಪ್ರಶ್ನೆ ತಂಗಿಯ ಪಾಲು ಬಂದಾಗ ಏಳುತ್ತದೆಯೇ ಹೊರತು ಅಣ್ಣತಮ್ಮಂದಿರ ಪಾಲಿನಲ್ಲಿ ಏಳುವುದಿಲ್ಲ. ಅದನ್ನು ನಾವು ಗಮನಿಸಬೇಕು. ಹೆಸರು ಸೇರಿಸಿದ ಮಾತ್ರಕ್ಕೆ ಹೊಲ ಹರಿದುಹೋಗುವುದಿಲ್ಲ. ನಮ್ಮದು ಹೋಗಿಲ್ಲ.

ಈಗ ನಮ್ಮೂರಿನಲ್ಲಿ ಉಳುವುದು ಹೆಚ್ಚಾಗಿ ಟ್ರ್ಯಾಕ್ಟರು. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬರುತ್ತದೆ, ಉಳುತ್ತದೆ, ಹೋಗುತ್ತದೆ. ಎತ್ತಿನ ಜೋಡಿ ಊರಿಗೆಲ್ಲ ಆರೋ ಏಳೋ. ಅವು ಹೊನ್ನಾರಿನ ದಿನ ಸಿಂಗಾರ ಮಾಡಿಕೊಳ್ಳುತ್ತವೆ. ಉಳುವವನೇ ಒಡೆಯ ಎಂದರೆ ಈಗ ಬಾಡಿಗೆ ಟ್ರ್ಯಾಕ್ಟರಿನವನೇ ಎಲ್ಲರ ಹೊಲಕ್ಕೂ ಒಡೆಯನಾಗಬೇಕು! ನೇಗಿಲು ಹೋದರೂ ಅದರ ಹಿಂದಿನ ಕೆಲಸ ಹೋಗಿಲ್ಲ. ಕೊಟ್ಟಿಗೆಯಲ್ಲಿ ಹಸು ಇದೆ, ಡೇರಿಗೆ ಹಾಲು ಹಾಕುವವಳು ತಮ್ಮನ ಹೆಂಡತಿ. ತಿಪ್ಪೆ ಇದೆ. ರಾಗಿ ಬೀಜ ರೈತ ಸಂಪರ್ಕ ಕೇಂದ್ರದಿಂದ ಚೀಲದಲ್ಲಿ ಬಂದರೂ ಅವರೆ, ತೊಗರಿ, ಅಲಸಂದೆ ಮನೆಯದೇ. ಅತ್ತೆ ಕಾದುಕೊಂಡು ಬಂದ ಅವರೆಯ ತಳಿಯೇ ಈಗಲೂ ಅಕ್ಕಡಿ ಸಾಲಿಗೆ ಬೀಳುವುದು. ಮಾಗಿಯಲ್ಲಿ ಅದರ ಸೊಗಡು ನಮ್ಮ ಪೇಟೆಯ ಅಡುಗೆಮನೆಯವರೆಗೂ ಬರುತ್ತದೆ.

ಮುಂದಿನ ಯುಗಾದಿಗೆ ನೀವು ತವರಿಗೆ ಹೋಗುವವರಾದರೆ ಒಂದು ಕೆಲಸ ಮಾಡಿ. ಹೋಳಿಗೆ ಉಂಡ ಮೇಲೆ, ಚಂದ್ರನನ್ನು ನೋಡುವ ಮೊದಲು, ಮನೆಯ ಪಹಣಿಯನ್ನು ಒಂದು ಸಲ ಕೇಳಿ ಓದಿ. ಜಗಳಕ್ಕಲ್ಲ. ಒಂಬತ್ತನೆಯ ಕಾಲಮಿನಲ್ಲಿ ನಿಮ್ಮ ತಾಯಿಯ ಹೆಸರು ಇದೆಯೇ ಎಂದು ನೋಡುವುದಕ್ಕೆ. ಇಲ್ಲದಿದ್ದರೆ ಅದನ್ನು ಬರೆಸುವ ಮಾತು ಅಲ್ಲೇ, ಎಲ್ಲರೂ ಕೂತಿರುವಾಗಲೇ ಎತ್ತಿ. ಬೇವು ಬೆಲ್ಲ ಹಂಚಿಕೊಂಡ ದಿನ ಆಡಿದ ಮಾತನ್ನು ಯಾರೂ ಸುಲಭಕ್ಕೆ ತಳ್ಳಿಹಾಕುವುದಿಲ್ಲ.